ಬಾಗಿಲಿಂದ ತಿರುಗಿದ ಬುತ್ತಿ

ಕೊಲ್ಹಾರ
ಮಂಗಳವಾರ, ೧೧ ಫೆಬ್ರುವರಿ ೨೦೨೫

ಪ್ರೀತಿಯ ತಮ್ಮಾ ಸಂಜೀವಕುಮಾರ,

ನಿನ್ನ ಜಯಕ್ಕನ ಆಶೀರ್ವಾದಗಳು. ಇಂಡಿಯಲ್ಲಿ ನೀನು, ನಿನ್ನ ಹೆಂಡತಿ, ಕೂಸು ಎಲ್ಲರೂ ಆರಾಮ ಇದ್ದೀರೆಂದು ನಂಬಿದ್ದೇನೆ. ದಿಲ್ಲಿಯ ಚಳಿಯಿಂದ ಹೊತ್ತು ತಂದ ಆ ಕೆಮ್ಮು ಕಡಿಮೆಯಾಯಿತೇ? ಆಯಿಯ ಮೂರನೆಯ ದಿನದ ಕಾರ್ಯಕ್ಕೆ ಬಂದವನು ಮಾತಿಗೊಮ್ಮೆ ಕೆಮ್ಮುತ್ತಿದ್ದೆ. ಲಾರಿಗಟ್ಟಲೆ ಲಿಂಬೆಹಣ್ಣು ಮಾರುವವನಿಗೆ ಒಂದು ಹಣ್ಣು ಹಿಂಡಿ ಬಿಸಿನೀರು ಕುಡಿಯಲು ಪುರಸತ್ತಿಲ್ಲವೇ ಎಂದು ಆಯಿ ಇದ್ದಿದ್ದರೆ ಬೈಯುತ್ತಿದ್ದಳು. ಈಗ ಬೈಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನು ಚೆನ್ನಾಗಿದ್ದೇನೆ. ಮದುವೆಗಳು ಹತ್ತಿರ ಬಂದದ್ದರಿಂದ ಹೊಲಿಯಬೇಕಾದ ಜಂಪರುಗಳು ಮಷಿನ್ನಿನ ಪಕ್ಕ ಗುಡ್ಡೆ ಬಿದ್ದಿವೆ. ಎಮ್ಮೆ ಮಾತ್ರ ಹಾಲು ಕಡಿಮೆ ಮಾಡಿದೆ. ನಾನು ಹಿಂಡಲು ಕೂತರೆ ಹೊರಳಿ ನೋಡಿ, ಆಯಿ ಅಲ್ಲವೆಂದು ಗೊತ್ತಾದ ಕೂಡಲೇ ಕಾಲು ಝಾಡಿಸುತ್ತದೆ. ಪಕ್ಕದ ಮನೆಯ ಮುದುಕಿ ಜೋಹರಾಬಿ ಹಾಸಿಗೆ ಹಿಡಿದಿದ್ದಾಳೆ. ಕಣ್ಣು ಕಾಣುವುದಿಲ್ಲ, ಆದರೂ ನನ್ನ ಹೆಜ್ಜೆ ಸಪ್ಪಳ ಕೇಳಿದರೆ ನಿನ್ನನ್ನೇ ಕೇಳುತ್ತಾಳೆ.

ಮೊನ್ನೆ ನೀನು ಮೊಬೈಲಿಗೆ ಕಳಿಸಿದ್ದನ್ನು ನೋಡಿದೆ. ಆಯಿಯ ತಿಂಗಳ ಪುಣ್ಯಸ್ಮರಣೆಯನ್ನು ಇಂಡಿಯ ಕಲ್ಯಾಣಮಂಟಪದಲ್ಲಿ ಮಾಡುತ್ತೀಯಂತೆ, ಓಣಿಯವರಿಗೆ ಇಲ್ಲಿಂದ ಒಂದು ಬಸ್ಸು ಗೊತ್ತುಮಾಡುತ್ತೀಯಂತೆ, ಬಂದವರಿಗೆಲ್ಲ ಆಯಿಯ ಫೋಟೋ ಇರುವ ಕಾರ್ಡು ಹಂಚುತ್ತೀಯಂತೆ. ಕಾರ್ಡಿನ ನಮೂನೆಯಲ್ಲಿ ಆಗಲೇ ‘ಆದರ್ಶ ಗೃಹಿಣಿ, ಸಮಾಜ ಸೇವಕಿ ಶ್ರೀಮತಿ ಶಂಕ್ರೆವ್ವ’ ಎಂದು ಅಚ್ಚಾಗಿತ್ತು. ಕೆಳಗೆ ಜಾಗ ಬಿಟ್ಟಿದ್ದಾರೆ. ‘ಅಕ್ಕಾ, ಆಯಿ ಕುಟುಂಬಕ್ಕ, ಸಮಾಜಕ್ಕ ಏನೇನ ಮಾಡ್ಯಾಳ ಅಂತ ಒಂದ ಪುಟ ಬರದ ಕಳಸು, ಛಂದಂಗ ಬರಿ’ ಎಂದಿದ್ದೆ. ನಾನು ಫೋನು ಮಾಡಿದರೆ ‘ಮಾರ್ಕೆಟ್‌ನ್ಯಾಗ ಅದೀನಿ ಅಕ್ಕಾ, ಆಮ್ಯಾಲ ಮಾಡ್ತೀನಿ’ ಎಂದು ಇಟ್ಟುಬಿಟ್ಟೆ. ಆ ‘ಆಮ್ಯಾಲ’ ಇನ್ನೂ ಬಂದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ಓದುವವರೆಗೂ ಮೇಜಿನ ಮೇಲೆ ಬಿದ್ದಿರುತ್ತದೆ.

ಸರಿ, ಆಯಿಯ ಜೀವನ. ಹುಟ್ಟಿದ್ದು ತಂಗಡಗಿಯಲ್ಲಿ, ಹೊಳೆಯ ದಂಡೆಯ ಮನೆಯಲ್ಲಿ. ಹುಟ್ಟಿದ ವರ್ಷ ಅವಳಿಗೇ ಗೊತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿರುವುದು ಯಾರೋ ಮಾಸ್ತರರು ಮುಖ ನೋಡಿ ಅಂದಾಜಿಗೆ ಬರೆದದ್ದು. ಮದುವೆಯಾಗಿ ಹಳೆಯ ಕೊಲ್ಹಾರಕ್ಕೆ ಬಂದಳು. ಅಲ್ಲೂ ಅದೇ ಹೊಳೆ. ಗಂಡ, ಅಂದರೆ ನಮ್ಮ ಮುತ್ಯಾ, ಬೇಗ ತೀರಿಕೊಂಡ ಮೇಲೆ ಎಮ್ಮೆ ಕಟ್ಟಿ, ಮೊಸರು ಮಾರಿ ಅಪ್ಪನನ್ನು ಬೆಳೆಸಿದಳು. ನಮ್ಮ ಅವ್ವ ನಿನ್ನನ್ನು ಹೆತ್ತು ಕಣ್ಣು ಮುಚ್ಚಿದಳು. ಮುಂದೆ ಅಪ್ಪನೂ ಹೋದ. ಆಯಿ ಮತ್ತೆ ಅದೇ ಮೊಸರಿನ ಗಡಿಗೆ ಹೊತ್ತು ನಮ್ಮಿಬ್ಬರನ್ನು ಬೆಳೆಸಿದಳು. ವಿಜಯಪುರದ ಬಸ್ಸು ನಿಂತ ಕೂಡಲೇ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಅವಳು ಓಡುತ್ತಿದ್ದುದು ನಿನಗೆ ನೆನಪಿರಬೇಕು. ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಬಹುದಾದಷ್ಟು ಗಟ್ಟಿ ಮೊಸರು. ಹಾಲಿಗೆ ನೀರು ಬೆರೆಸುವವರನ್ನು ಕಂಡರೆ ಅವಳ ಬಾಯಿಗೆ ತಡೆಯೇ ಇರಲಿಲ್ಲ. ಅವರ ಹಿಂದಿನವರನ್ನೂ ಮುಂದಿನವರನ್ನೂ ಸೇರಿಸಿ ಬೈಯುತ್ತಿದ್ದಳು. ನಿನ್ನ ಕಾರ್ಡಿನವರು ಇದನ್ನು ‘ಹೈನುಗಾರಿಕೆಯಲ್ಲಿ ತೊಡಗಿಸಿಕೊಂಡಿದ್ದರು’ ಎಂದು ಬರೆಯುತ್ತಾರೆ. ಬರೆದುಕೊಳ್ಳಲಿ.

ಹಳೆಯ ಊರು ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ನೀನು ತೀರ ಸಣ್ಣವನು. ಹೊಸ ಊರಿನಲ್ಲಿ ಚೀಟಿ ಎತ್ತಿ ಜಾಗ ಕೊಟ್ಟರು. ಗೋಡೆಗೆ ಗೋಡೆ ಹತ್ತಿಸಿಕೊಂಡು ಬದುಕಿದ್ದವರು ಒಬ್ಬರು ಆ ತುದಿಗೆ ಬಿದ್ದರು, ಒಬ್ಬರು ಈ ತುದಿಗೆ. ನಮ್ಮ ಪಕ್ಕಕ್ಕೆ ಬಂದಗಿಸಾಬನ ಮನೆ ಬಂತು, ಎದುರಿಗೆ ಚನ್ನವ್ವನ ಮನೆ ಬಂತು. ಹಳೆಯ ಊರಿನಲ್ಲಿ ಅವರ ಓಣಿ ಯಾವುದು, ನಮ್ಮದು ಯಾವುದು. ಗಿಡವಿಲ್ಲ, ನೆರಳಿಲ್ಲ, ನಳವಿಲ್ಲ. ಆಯಿ ತಿಂಗಳುಗಟ್ಟಲೆ ಮುಖ ಊದಿಸಿಕೊಂಡೇ ಇದ್ದಳು. ‘ಇದು ಊರಲ್ಲ, ದನದ ಸಂತಿ. ಎಲ್ಲೆಲ್ಲಿಂದೋ ತಂದು ಸಾಲಾಗಿ ಕಟ್ಯಾರ’ ಎನ್ನುತ್ತಿದ್ದಳು. ಯಾರ ಮನೆಗೂ ಹೋಗಲಿಲ್ಲ, ಯಾರನ್ನೂ ಒಳಗೆ ಕರೆಯಲಿಲ್ಲ.

ಆ ವರ್ಷವೇ ಬಂದಗಿಸಾಬ ಎದೆನೋವೆಂದು ಕೂತವನು ಹಾಗೇ ಹೋದ. ಓಣಿಯವರೆಲ್ಲ ತಮ್ಮ ತಮ್ಮ ಹೊಸ್ತಿಲಲ್ಲಿ ನಿಂತು ನೋಡಿದರೇ ಹೊರತು ಯಾರೂ ಕೆಳಗಿಳಿಯಲಿಲ್ಲ. ಒಳಗೆ ಅವನ ಹೆಂಡತಿ ಜೈತುನಬಿ, ಅವಳ ಅತ್ತೆ ಜೋಹರಾಬಿ, ನಿನ್ನ ವಾರಿಗೆಯ ಮಗ ಅಯೂಬ. ಆಯಿಯೂ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಒಳಗೆ ಬಂದು ಒಲೆ ಹಚ್ಚಿದಳು. ಹಿಟ್ಟಿನ ಗಡಿಗೆ ಬರಿದಾಗುವವರೆಗೂ ಜೋಳದ ರೊಟ್ಟಿ ಬಡಿದಳು, ಪುಂಡಿಪಲ್ಯ ಮಾಡಿದಳು, ತಂಗಡಗಿಯಿಂದ ತಂದಿದ್ದ ಬಿದಿರಿನ ಬುಟ್ಟಿಯಲ್ಲಿ ಇಟ್ಟು ತನ್ನದೇ ಒಗೆದ ಸೀರೆ ಮುಚ್ಚಿ ತಲೆಯ ಮೇಲೆ ಹೊತ್ತಳು. ಮೊಸರಿನ ಗಡಿಗೆ ನನ್ನ ಕೈಗೆ ಕೊಟ್ಟಳು. ನಾವು ಮುಂಬಾಗಿಲಿಗೆ ಹೋಗಲಿಲ್ಲ, ಹಿತ್ತಲಿಂದ ಹೋದೆವು. ಜೈತುನಬಿ ಗೋಡೆಗೆ ಒರಗಿ ಕೂತಿದ್ದಳು. ಆಯಿ ಅವಳ ಹೆಸರು ಕೂಡ ತಿಳಿಯದವಳು, ಒಂದು ತುತ್ತು ಮುರಿದು ಅವಳ ಬಾಯಿಯ ಹತ್ತಿರ ಹಿಡಿದು, ‘ತಿನ್ನು ತಂಗಿ, ಅಳಾಕ ಶಕ್ತಿ ಬೇಕಲ್ಲ’ ಎಂದಳು. ಅಷ್ಟೇ. ನಮ್ಮ ಓಣಿ ಓಣಿಯಾದದ್ದು ಆ ಮಧ್ಯಾಹ್ನ.

ಇದಕ್ಕೆಲ್ಲ ಆಯಿಯ ಹತ್ತಿರ ಕಟ್ಟುನಿಟ್ಟಾದ ರೀತಿ ಇತ್ತು. ಹಳೆಯ ಊರಿನಿಂದ ಮೂಟೆ ಕಟ್ಟಿ ತಂದ ಸಾಮಾನಿನಲ್ಲಿ ಒಂದೂ ಮುಕ್ಕಾಗದೆ ಬಂದದ್ದು ಬಹುಶಃ ಅದೊಂದೇ. ಸತ್ತ ಮನೆಯಲ್ಲಿ ಒಲೆ ಹತ್ತಬಾರದು, ಮಣ್ಣು ಆಗಿ ಮೂರನೆಯ ದಿನದವರೆಗೂ ಓಣಿಯವರೇ ಬುತ್ತಿ ತರಬೇಕು. ಹಿತ್ತಲ ಬಾಗಿಲಿಂದಲೇ ಹೋಗಬೇಕು. ಉಂಡಿರಾ, ಬೇಕಾ ಎಂದು ಕೇಳಬಾರದು. ಕೇಳಿದರೆ ದುಃಖದಲ್ಲಿದ್ದವರು ಬೇಡವೆಂದೇ ಹೇಳುತ್ತಾರೆ. ಬುಟ್ಟಿಯನ್ನು ಅಲ್ಲೇ ಒಲೆಯ ಪಕ್ಕ ಬಿಟ್ಟು ಬರಬೇಕು. ಆ ಮನೆಯ ಒಲೆ ಮತ್ತೆ ಹತ್ತಿದ ಮೇಲೆ ಅವರೇ ಬುಟ್ಟಿ ತಂದುಕೊಡುತ್ತಾರೆ, ಬರಿದಾಗಿ ಅಲ್ಲ, ಹಿಡಿ ಜೋಳವನ್ನೋ ಚೂರು ಬೆಲ್ಲವನ್ನೋ ಹಾಕಿ. ಇನ್ನೊಂದಿತ್ತು. ಸತ್ತ ಮನೆಗೆಂದು ಬಡಿದ ರೊಟ್ಟಿಯನ್ನು ತನ್ನ ಮನೆಯೊಳಗೆ ತಿರುಗಿ ತರಬಾರದು, ಅದು ಇನ್ನೊಂದು ಸಾವನ್ನು ಕರೆದು ತಂದ ಹಾಗೆ. ಈ ಕೊನೆಯದು ಯಾಕೆ ಬೇಕೆಂದು ನಾನು ಒಮ್ಮೆ ಕೇಳಿದ್ದೆ, ಬುತ್ತಿಯನ್ನು ಯಾರಾದರೂ ತಿರುಗಿ ಕಳಿಸುತ್ತಾರೆಯೇ ಎಂದು. ‘ಯಾರೂ ಕಳಸಂಗಿಲ್ಲ, ಸುಮ್ನ ಗೊತ್ತಿರಲಿ’ ಎಂದಿದ್ದಳು.

ಅಪ್ಪ ಹೋದ ದಿನ ನಿನಗೆ ಎಷ್ಟು ನೆನಪಿದೆಯೋ. ಬಸವನ ಬಾಗೇವಾಡಿಯಿಂದ ನಮ್ಮ ಬೀಗರು ನೆಂಟರು ಬಂದು ಪಡಸಾಲೆ ತುಂಬಿತ್ತು. ಜೈತುನಬಿ ಬುಟ್ಟಿ ಹೊತ್ತು ಹಿತ್ತಲಿಂದ ಬಂದಳು. ಬೀಗರಲ್ಲಿ ಒಬ್ಬ ದೊಡ್ಡ ಮನುಷ್ಯ ‘ಸಾಬರ ಮನಿ ರೊಟ್ಟಿ ಒಳಗ ಯಾಕ್ರಿ’ ಎಂದು ಎಲ್ಲರಿಗೂ ಕೇಳುವ ಹಾಗೆ ಅಂದ. ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿಯದ ಆಯಿ ಮಗನ ಹೆಣದ ಪಕ್ಕದಿಂದ ಎದ್ದು ಬಂದಳು. ಆ ಬುಟ್ಟಿಯ ಸೀರೆ ಸರಿಸಿದಳು, ಒಂದು ರೊಟ್ಟಿ ತೆಗೆದು ನಿಂತಲ್ಲೇ ಮುರಿದು ತಿಂದಳು. ‘ನನ್ನ ಮಗ ಹೋಗ್ಯಾನ, ನನ್ನ ಹಸಿವು ಹೋಗಿಲ್ಲ. ಯಾರಿಗೆ ಇದು ಬ್ಯಾಡೋ ಅವರು ಸಂಜಿ ಬಸ್ಸಿಗೆ ಹೋಗ್ರಿ’ ಎಂದಳು. ಯಾರೂ ಹೋಗಲಿಲ್ಲ, ಎಲ್ಲರೂ ಉಂಡರು, ಆ ದೊಡ್ಡ ಮನುಷ್ಯ ಎರಡನೆಯ ಸಲವೂ ಕೈ ಒಡ್ಡಿದ. ನೀನು ಉಣ್ಣಲೊಲ್ಲೆನೆಂದು ಹಟ ಹಿಡಿದಿದ್ದೆ. ಜೈತುನಬಿ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಅಯೂಬನಿಗೊಂದು ತುತ್ತು ನಿನಗೊಂದು ತುತ್ತು ಹಾಕಿದಳು. ಅಪ್ಪ ಸತ್ತ ದಿನ ನಿನ್ನ ಹೊಟ್ಟೆ ತುಂಬಿತ್ತು. ಇದು ಕಾರ್ಡಿನಲ್ಲಿ ಹಿಡಿಸುತ್ತದೆಯೇ?

ಆಯಿಯನ್ನು ದೇವರು ಮಾಡಿ ಬರೆಯುವುದೂ ನನ್ನಿಂದಾಗದು. ನಳ ಬಂದ ಹೊಸದರಲ್ಲಿ ಚನ್ನವ್ವನ ಕೊಡ ಒದ್ದು ಉರುಳಿಸಿದವಳು ಅವಳು. ಇಬ್ಬರಿಗೂ ವರ್ಷಗಟ್ಟಲೆ ಮಾತಿರಲಿಲ್ಲ. ಎದುರು ಬದುರು ಕೂತು ಗಾಳಿಗೆ ಹೇಳುವ ಹಾಗೆ ಒಬ್ಬರಿಗೊಬ್ಬರು ಬೈದುಕೊಳ್ಳುತ್ತಿದ್ದರು. ಚನ್ನವ್ವನ ಗಂಡ ಸತ್ತಾಗ ಮೊದಲ ಬುಟ್ಟಿ ಹೊತ್ತು ಹೋದವಳೂ ಅವಳೇ. ‘ಜಗಳ ನಾಳಿ ಆಡೂಣು, ಇವತ್ತು ಉಣ್ಣು’ ಎಂದು ರೊಟ್ಟಿ ಕೈಗಿಟ್ಟಳಂತೆ. ಮೂರು ದಿನ ಕಳೆದ ಮೇಲೆ ಹೇಳಿದ ಮಾತಿನಂತೆ ಜಗಳ ಮುಂದುವರಿಸಿದಳು. ಸಿಂದಗಿಯ ನನ್ನ ಗಂಡನ ಮನೆಯ ವಿಷಯವೂ ನಿನಗೆ ಗೊತ್ತಿದ್ದದ್ದೇ. ನನ್ನ ಗಂಡ ಇನ್ನೊಬ್ಬಳನ್ನು ತಂದಿಟ್ಟುಕೊಂಡನೆಂದು ಸುದ್ದಿ ಬಂದ ದಿನ ಆಯಿ ಒಬ್ಬಳೇ ಬಸ್ಸು ಹತ್ತಿ ಬಂದು ಅವರ ಕಟ್ಟೆಯ ಮೇಲೆ ಕೂತಳು. ‘ಹುಡುಗಿ ಸೊರಗ್ಯಾಳ, ನಾಕ ದಿನ ಕರಕೊಂಡ ಹೋಗ್ತೀನಿ’ ಎಂದು ಬಹಳ ಸಾಧುವಾಗಿ ಕೇಳಿ ಕರೆತಂದಳು. ಆ ನಾಲ್ಕು ದಿನ ಇವತ್ತಿಗೂ ಮುಗಿದಿಲ್ಲ. ಮರುದಿನವೇ ನನ್ನನ್ನು ಹೊಲಿಗೆ ಕಲಿಯಲು ಹಚ್ಚಿದಳು, ಒಂದು ದಿನವೂ ನನ್ನ ಹಣೆಬರಹದ ಬಗ್ಗೆ ನಿಟ್ಟುಸಿರು ಬಿಡಲಿಲ್ಲ.

ಈಗ ಅವಳು ಹೋದ ದಿನದ ವಿಷಯಕ್ಕೆ ಬರುತ್ತೇನೆ. ಸಂಕ್ರಮಣ ಮುಗಿದಿತ್ತು. ಬೆಳಗ್ಗೆ ಎಮ್ಮೆ ಹಿಂಡಿ ಬಂದು, ಚರಿಗೆ ಕೆಳಗಿಟ್ಟು, ಗೋಡೆಗೆ ಒರಗಿ ಕೂತವಳು ಏಳಲಿಲ್ಲ. ನಾನು ಮೊದಲು ಅಯೂಬನನ್ನು ಕೂಗಿದೆ, ಆಮೇಲೆ ನಿನಗೆ ಫೋನು ಮಾಡಿದೆ. ನೀನು ವ್ಯಾಪಾರಕ್ಕೆಂದು ದಿಲ್ಲಿಯಲ್ಲಿದ್ದೆ. ಫೋನಿನಲ್ಲೇ ಅತ್ತುಬಿಟ್ಟೆ. ಆ ಅಳು ಸುಳ್ಳೆಂದು ನಾನು ಯಾವತ್ತೂ ಹೇಳುವುದಿಲ್ಲ. ‘ನನಗ ಬರಾಕ ಆಗಂಗಿಲ್ಲ ಅಕ್ಕಾ, ಕಾಯಬ್ಯಾಡ್ರಿ, ಮಣ್ಣ ಮಾಡ್ರಿ’ ಎಂದೆ. ಅದಕ್ಕೂ ನನ್ನ ತಕರಾರಿಲ್ಲ. ದೂರದಲ್ಲಿದ್ದವನು ಏನು ಮಾಡಲಾದೀತು. ಆದರೆ ನೀನು ಅಷ್ಟಕ್ಕೆ ಸುಮ್ಮನಿರಲಿಲ್ಲ. ಅಲ್ಲಿಂದಲೇ ಮುದ್ದೇಬಿಹಾಳದ ಕೇಟರಿಂಗಿನವನಿಗೆ ಫೋನು ಮಾಡಿದೆ. ಬಂದ ಮಂದಿಗೆ ಏನೂ ಕಡಿಮೆಯಾಗಬಾರದು, ನಮ್ಮ ಮರ್ಯಾದೆಯ ಪ್ರಶ್ನೆ ಎಂದು ಹೇಳಿದೆಯಂತೆ. ಇಂಡಿಯಿಂದ ನಿನ್ನ ವ್ಯಾಪಾರದ ಜನ ಕಾರುಗಳಲ್ಲಿ ಬರುವವರಿದ್ದರಲ್ಲ.

ಆಯಿಯನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವು ಹಾಕಿದ್ದರು. ಭಜನೆಯವರು ಹಾಡುತ್ತಿದ್ದರು. ನಾನು ಅವಳ ಕಾಲ ಹತ್ತಿರ ಕೂತಿದ್ದೆ. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಒಗ್ಗರಣೆಯ ವಾಸನೆ ಬಂತು. ಮೊದಲು ನನ್ನ ಮೂಗಿಗೆ ಭ್ರಮೆಯೆಂದುಕೊಂಡೆ. ಹೆಣ ಇನ್ನೂ ಪಡಸಾಲೆಯಲ್ಲಿದೆ, ನಮ್ಮ ಹಿತ್ತಲಲ್ಲಿ ಗ್ಯಾಸಿನ ಒಲೆ ಭರ್ರೆಂದು ಉರಿಯುತ್ತಿದೆ. ಯಾರ ಮನೆಯಲ್ಲಿ ಸಾವಾದರೂ ಆ ಮನೆಯ ಒಲೆ ತಣ್ಣಗಿರಲೆಂದು ತನ್ನ ಒಲೆ ಹಚ್ಚಿದವಳ ಮೂಗಿನ ಎದುರಿಗೆ ಸಾಸಿವೆ ಸಿಡಿಯಿತು. ಮಣ್ಣು ಮಾಡಿ ಬಂದು ಸ್ನಾನ ಮಾಡುವಷ್ಟರಲ್ಲಿ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಬಡಿಸಲು ನಿಂತಿದ್ದರು. ಗೋಡಂಬಿ ಹಾಕಿದ ಶಿರಾ ಮಾಡಿದ್ದರು, ಸಂಜು. ಮಣ್ಣಿನ ದಿನ ಸಿಹಿ. ಬಡಿಸುವ ಹುಡುಗರಿಗೆ ಇದು ಯಾವ ಮನೆಯೆಂದು ಗೊತ್ತಿತ್ತೋ ಇಲ್ಲವೋ; ಒಬ್ಬ ನನಗೆ ‘ಇನ್ನಷ್ಟು ಹಾಕಲ್ರಿ’ ಎಂದು ಕೇಳಿದ.

ಇದನ್ನೂ ನಾನು ನುಂಗಿಕೊಳ್ಳುತ್ತಿದ್ದೆ. ಮೂರು ದಿನ ಓಣಿಯಿಂದ ಒಂದು ಬುಟ್ಟಿಯೂ ಬರಲಿಲ್ಲ ಎಂಬುದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಹೆಂಗಸರು ಬಂದರು, ಕೂತರು, ಅತ್ತರು, ಬರಿಗೈಯಲ್ಲಿ ಎದ್ದು ಹೋದರು. ಮೂರನೆಯ ದಿನ ನೀನು ಬಂದು, ಗದ್ದುಗೆಗೆ ಹೂ ಹಾಕಿ, ‘ಊಟ ಛಲೋ ಇತ್ತಂತಲ್ಲ’ ಎಂದು ಕೇಳಿ, ಸಂಜೆಯೇ ಹೊರಟೆ. ನಾನು ನಿನಗೇನೂ ಹೇಳಲಿಲ್ಲ, ನನ್ನ ಸಿಟ್ಟೆಲ್ಲ ಓಣಿಯ ಮೇಲಿತ್ತು. ಒಂದು ದಿನ ನಳದ ಹತ್ತಿರ ತಡೆಯಲಾಗದೆ ಅಂದೇ ಬಿಟ್ಟೆ, ಇಷ್ಟು ವರ್ಷ ಆಯಿ ನಿಮಗೆಲ್ಲ ಹೊತ್ತಳು, ಅವಳು ಹೋದಾಗ ಒಬ್ಬರಿಗೂ ಒಂದು ರೊಟ್ಟಿ ತರಲು ಮನಸ್ಸಾಗಲಿಲ್ಲವೇ ಎಂದು. ಚನ್ನವ್ವ ತುಂಬಿದ ಕೊಡವನ್ನು ಕೆಳಗಿಟ್ಟು ನನ್ನ ಮುಖ ನೋಡಿದಳು. ‘ತಂದಿದ್ವಿ ತಂಗಿ. ನಿಮ್ಮ ಹಿತ್ತಲ ಬಾಗಿಲದಾಗ ನಿಂತು ನಿನ್ನ ತಮ್ಮನ ಮಾತ ಕೇಳಿ ಹೊಳ್ಳಿ ಹೋದ್ವಿ. ನಿಮ್ಮ ಮನಿ ದೊಡ್ಡದಾತು’ ಎಂದಳು.

ಆಗ ಗೊತ್ತಾಯಿತು. ಜೈತುನಬಿ, ಚನ್ನವ್ವ, ಮತ್ತೆ ಓಣಿಯ ಎಷ್ಟೋ ಹೆಂಗಸರು ಬುಟ್ಟಿ ಹೊತ್ತು ಸಾಲಾಗಿ ಹಿತ್ತಲಿಗೆ ಬಂದಿದ್ದರು. ಅಲ್ಲಿ ಕೆಂಪು ಕೋಟಿನ ಮೇಲ್ವಿಚಾರಕ ನಿಂತಿದ್ದ. ಹೊರಗಿನ ಅಡುಗೆ ನಮ್ಮದರ ಜೊತೆ ಕೂಡಿಸುವಂತಿಲ್ಲ, ಯಾರಿಗಾದರೂ ಹೊಟ್ಟೆ ಕೆಟ್ಟರೆ ನಮ್ಮ ಹೆಸರು ಬರುತ್ತದೆ ಎಂದನಂತೆ. ಚನ್ನವ್ವ ಬಾಯಿ ಮಾಡಿದಾಗ ಅವನು ನಿನಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ದೊಡ್ಡ ದನಿಗೆ ಇಟ್ಟ. ತಲೆಯ ಮೇಲೆ ಬುಟ್ಟಿ ಹೊತ್ತು ಬಿಸಿಲಲ್ಲಿ ನಿಂತ ಅಷ್ಟೂ ಜನ ನಿನ್ನ ದನಿ ಕೇಳಿದರು. ‘ಕಷ್ಟ ತಗೋಬ್ಯಾಡ್ರಿ ಅಂತ ಹೇಳ್ರಿ ಅವ್ರಿಗೆ. ಊಟ ಬಂದೈತಿ, ಮಾಡಿ ಹೋಗ್ರಿ ಅನ್ರಿ.’ ನೀನು ಮರ್ಯಾದೆಯಿಂದಲೇ ಮಾತಾಡಿದೆ. ಬಹುಶಃ ಇವತ್ತಿಗೂ ನಿನಗೆ ಅದು ಒಳ್ಳೆಯ ಮಾತೆಂದೇ ಅನಿಸುತ್ತದೆ. ನೀನು ಬೈದಿದ್ದರೆ ಅವರು ನಿನ್ನನ್ನು ಬೈದು ಒಳಗೆ ನುಗ್ಗುತ್ತಿದ್ದರು, ಆಯಿಯ ಗೆಳತಿಯರಲ್ಲವೇ. ಅಷ್ಟು ನಯವಾಗಿ ಬೇಡವೆಂದವನ ಮನೆಗೆ ಹೇಗೆ ನುಗ್ಗುವುದು?

ಆ ಬುತ್ತಿಯನ್ನು ಅವರು ಮನೆಗೆ ಒಯ್ಯುವಂತಿರಲಿಲ್ಲ. ಅಷ್ಟು ದೂರ ನಡೆದು ಹಿನ್ನೀರಿನ ದಂಡೆಗೆ ಹೋದರಂತೆ. ಜೈತುನಬಿ ನೀರಿನ ಅಂಚಿನಲ್ಲಿ ಕೂತು ರೊಟ್ಟಿಗಳನ್ನು ಒಂದೊಂದಾಗಿ ಮುರಿದು ಬಿಟ್ಟಳಂತೆ. ‘ಅಕ್ಕನ ಹಳೀ ಮನಿ ಇಲ್ಲೇ ತಳದಾಗ ಐತಿ, ಮುಟ್ಟತೈತಿ’ ಎಂದಳಂತೆ. ಮೀನು ತಿಂದವು. ನಮ್ಮ ಹಿತ್ತಲಲ್ಲಿ ಉಳಿದ ಶಿರಾವನ್ನು ನಾಯಿ ತಿಂದವು. ಇದು ಗೊತ್ತಾದ ಮರುದಿನ ನಾನು ಜೈತುನಬಿಯ ಮನೆಗೆ ಹೋದೆ. ಚಹಾ ಕೊಟ್ಟಳು, ಎಮ್ಮೆ ವಿಚಾರಿಸಿದಳು, ಜೋಹರಾಬಿಯ ಔಷಧದ ಮಾತಾಡಿದಳು, ಆ ದಿನದ ವಿಷಯ ಮಾತ್ರ ಎತ್ತಲಿಲ್ಲ. ನಾನು ಎತ್ತಿದಾಗ ‘ಇರಲಿ ಬಿಡವ್ವಾ, ಅಂವ ಸಣ್ಣಾಂವ’ ಎಂದಳು. ಮೂವತ್ತು ದಾಟಿದ ನೀನು ಅವಳಿಗೆ ಇನ್ನೂ ತೊಡೆಯ ಮೇಲಿನ ಕೂಸು. ಕ್ಷಮಿಸಿದ ಹಾಗೆ ಕಂಡಿತು, ಆದರೆ ಅವಳು ನಮ್ಮ ಹಿತ್ತಲಿಗೆ ಆಮೇಲೆ ಕಾಲಿಟ್ಟಿಲ್ಲ.

ಸಮಾಜ ಸೇವೆ ಎಂದು ಅಚ್ಚು ಹಾಕಿಸಿದ್ದೀಯಲ್ಲ, ಅದು ಇದೇ. ಅವಳು ಭಾಷಣ ಮಾಡಲಿಲ್ಲ, ಸಂಘ ಕಟ್ಟಲಿಲ್ಲ, ಯಾರಿಂದಲೂ ಶಾಲು ಹೊದಿಸಿಕೊಳ್ಳಲಿಲ್ಲ. ಚೀಟಿ ಎತ್ತಿ ಕೂಡಿಸಿದ ಮಂದಿಯನ್ನು ಒಂದು ಬುಟ್ಟಿಯಿಂದ ಓಣಿ ಮಾಡಿದಳು. ಅದನ್ನು ನೀನು ಒಂದು ಫೋನಿನಲ್ಲಿ ಬಿಚ್ಚಿ ಹಾಕಿದೆ. ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ನೀನೂ ಸಿಟ್ಟಿನಿಂದಲೇ ಓದು, ಆದರೆ ಪೂರ್ತಿ ಓದು.

ನಾನು ನಿನಗೆ ಕೇಳುವುದು ಇಷ್ಟು. ಮಂಟಪ ಬೇಡವೆನ್ನು, ಕಾರ್ಡು ನಿಲ್ಲಿಸು. ಹೆಂಡತಿ, ಕೂಸನ್ನು ಕರೆದುಕೊಂಡು ಇಲ್ಲಿಗೆ ಬಾ. ಆಯಿಯ ಸೀರೆಯೊಂದನ್ನು ಜೋಳಿಗೆ ಮಾಡಿ ಹೆಗಲಿಗೆ ಹಾಕಿಕೊಂಡು ಓಣಿಯ ಮನೆಮನೆಗೆ ಹೋಗು. ‘ಅವತ್ತು ತಿರುಗಿಸಿದ ಬುತ್ತಿ ಇವತ್ತು ಕೊಡ್ರಿ’ ಎಂದು ಒಂದೊಂದು ರೊಟ್ಟಿ ಕೇಳು. ಚನ್ನವ್ವ ಖಂಡಿತ ಬೈಯುತ್ತಾಳೆ, ಬಹಳ ಹೊತ್ತು ಬೈಯುತ್ತಾಳೆ, ನಿಂತು ಕೇಳು. ಬೈದು ಮುಗಿದ ಮೇಲೆ ಕೊಡುತ್ತಾಳೆ. ಮೊದಲು ಜೈತುನಬಿಯ ಮನೆಗೆ ಹೋಗು. ಆಮೇಲೆ ಎಲ್ಲರನ್ನೂ ಕರೆದು ನಮ್ಮ ಅಂಗಳದಲ್ಲಿ ಕೂತು ಉಣ್ಣೋಣ. ಆಯಿಯ ಪುಣ್ಯಸ್ಮರಣೆ ಅಷ್ಟೇ ಸಾಕು. ಇನ್ನೂ ಹೊತ್ತು ಮೀರಿಲ್ಲವೆಂದು ನನ್ನ ನಂಬಿಕೆ. ಓಣಿಯವರ ಮನಸ್ಸು ಮುರಿದಿದೆ, ರೀತಿ ಇನ್ನೂ ಮುರಿದಿಲ್ಲ. ಯಾರ ಮನೆಯಲ್ಲಿ ಸಾವಾದರೂ ನಾನು ಬುಟ್ಟಿ ಹೊರುತ್ತೇನೆ, ಅದನ್ನು ಯಾರೂ ಬೇಡವೆನ್ನಲಾರರು.

ನಿನ್ನ ಹೆಂಡತಿಗೆ ನನ್ನ ನೆನಪುಗಳನ್ನು ತಿಳಿಸು. ಕೂಸಿಗೆ ನನ್ನದೊಂದು ಮುತ್ತು. ಅದಕ್ಕೆ ಹೊಲಿದ ಕುಲಾಯಿ ಇಲ್ಲೇ ಇದೆ, ಬಂದಾಗ ಹಾಕಿ ನೋಡೋಣ. ಬಸವಣ್ಣ ನಿಮ್ಮನ್ನು ಸುಖವಾಗಿಡಲಿ, ಕೈಹಿಡಿದ ವ್ಯಾಪಾರ ಹೆಚ್ಚಲಿ, ಕೆಮ್ಮು ಇಳಿಯಲಿ.

ನಿನ್ನ ಅಕ್ಕ,
ಜಯಮಾಲಾ

ತಾ.ಕ.: ಗುರುವಾರ. ಕಾಗದ ಅಂಚೆಗೆ ಹಾಕುವ ಮೊದಲೇ ಇದನ್ನು ಸೇರಿಸಬೇಕಾಗಿ ಬಂತು, ಅವಸರದಲ್ಲಿದ್ದೇನೆ, ಅಕ್ಷರ ನೋಡಬೇಡ. ನಿನ್ನೆ ಬೆಳಗ್ಗೆ ಜೋಹರಾಬಿ ತೀರಿಕೊಂಡಳು. ಸುದ್ದಿ ಕೇಳಿದ ಕೂಡಲೇ ಒಲೆ ಹಚ್ಚಿದೆ. ಆಯಿಯ ಹಾಗೆ ತೆಳ್ಳಗೆ ಬರಲಿಲ್ಲ, ಆದರೂ ಬಡಿದೆ. ಅವಳ ಬುಟ್ಟಿಯಲ್ಲಿಟ್ಟು, ಅವಳ ಸೀರೆ ಮುಚ್ಚಿ, ಹೊತ್ತು ಜೈತುನಬಿಯ ಹಿತ್ತಲಿಗೆ ಹೋದೆ. ಓಣಿಯಲ್ಲಿ ಬೇರೆ ಯಾರ ತಲೆಯ ಮೇಲೂ ಬುಟ್ಟಿ ಇರಲಿಲ್ಲ. ಬಾಗಿಲಲ್ಲಿ ಅಯೂಬ ಸಿಕ್ಕಿದ. ‘ಕಷ್ಟ ತಗೋಬ್ಯಾಡ್ರಿ ಅಕ್ಕಾರ. ಊಟ ಬರಾಕತ್ತೈತಿ, ಮಾಡಿ ಹೋಗ್ರಿ’ ಎಂದ. ಚುಚ್ಚಲು ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ದನಿಯಲ್ಲಿ ಪ್ರೀತಿಯೇ ಇತ್ತು. ‘ಸಂಜು ಮಾಡಿಸಿದಂಗ ಮಾಡಿಸೀನ್ರಿ, ಓಣಿ ಮಂದಿಗೆ ಯಾಕ ತ್ರಾಸ’ ಎಂದ. ಮುದ್ದೇಬಿಹಾಳದ ಅದೇ ಗಾಡಿ ಬಂದು ನಿಂತಿತು, ಅದೇ ಕೆಂಪು ಕೋಟಿನವನು ಇಳಿದ. ಒಳಗಿಂದ ಜೈತುನಬಿ ನನ್ನ ಬುಟ್ಟಿಯನ್ನು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಮಗನಿಗೆ ಎದುರಾಡಲಿಲ್ಲ. ಇಷ್ಟು ವರ್ಷ ಓಣಿ ಆಯಿಯನ್ನು ನೋಡಿ ಕಲಿಯಿತು, ಈಗ ನಿನ್ನನ್ನು ನೋಡಿ ಕಲಿತಿದೆ. ರೊಟ್ಟಿಯನ್ನು ಹೊಳೆಗೆ ಬಿಟ್ಟು ಬಂದೆ. ಬುಟ್ಟಿ ಬರಿದೇ ಮನೆಗೆ ಬಂತು. ಜೋಳಿಗೆಯ ಮಾತು ಬಿಡು, ಕೇಳಿದರೂ ಈಗ ಯಾರಿಗೂ ಅರ್ಥವಾಗಲಾರದು. ಮಂಟಪದಲ್ಲೇ ಮಾಡು, ಕಾರ್ಡಿಗೆ ನಿನಗೆ ಬೇಕಾದ್ದನ್ನು ಬರೆಸಿಕೋ. ಒಂದು ಉಪಕಾರ ಮಾತ್ರ ಮಾಡು. ಆ ಮುದ್ದೇಬಿಹಾಳದವನ ನಂಬರು ನನಗೂ ಕಳಿಸು. ನಾಳೆ ನಾನು ಹೋದ ದಿನ ಈ ಮನೆಗೆ ಯಾರು ಅನ್ನ ತರುತ್ತಾರೆ?